ಬಿಳಿಚಿದ ಬಂಪರು: ಕಾರಣ, ಉಪಚಾರ, ಎಚ್ಚರಿಕೆ

ದೆಹಲಿಯ ದಕ್ಷಿಣದ ಅಂಚಿನಲ್ಲಿ, ಅರಾವಳಿಯ ಕಲ್ಲುದಿಬ್ಬಗಳ ಮಗ್ಗುಲಿಗೆ ಹಬ್ಬಿಕೊಂಡಿರುವ ವಸಂತ್ ಕುಂಜ್ ಬಡಾವಣೆಯು ರಾಜಧಾನಿಯ ಕನ್ನಡಿಗರಿಗೆ ಅಪರಿಚಿತವಾದುದಲ್ಲ. ದೆಹಲಿ ಅಭಿವೃದ್ಧಿ ಪ್ರಾಧಿಕಾರವು ೧೯೮೦ರ ದಶಕದಿಂದ ಇಲ್ಲಿ ಕಟ್ಟಿದ ಫ್ಲ್ಯಾಟುಗಳಲ್ಲಿ, ಸರಕಾರಿ ಕಚೇರಿ, ಬ್ಯಾಂಕು, ವಿದ್ಯಾಸಂಸ್ಥೆಗಳಲ್ಲಿ ದುಡಿಯುತ್ತ ನೆಲೆನಿಂತ ಕನ್ನಡ ಕುಟುಂಬಗಳೂ ಇವೆ. ಬಡಾವಣೆಯ ನಕ್ಷೆ ಸಿದ್ಧವಾದ ಕಾಲದಲ್ಲಿ ಮಧ್ಯಮ ವರ್ಗದ ಗೃಹಸ್ಥನ ವಾಹನವೆಂದರೆ ಸ್ಕೂಟರು. ಇಂದು ಮನೆಗೊಂದು ಕಾರು ಇದೆ, ಕೆಲವು ಮನೆಗಳಿಗೆ ಎರಡು ಇವೆ. ಎಲ್ಲಕ್ಕೂ ಸಾಲುವಷ್ಟು ಮುಚ್ಚಿದ ಗ್ಯಾರೇಜು ಮಾತ್ರ ಇಲ್ಲ. ಆದುದರಿಂದ ಬಹುಪಾಲು ಕಾರುಗಳು ಮೇ ತಿಂಗಳ ಉರಿಬಿಸಿಲಿನಲ್ಲಿಯೂ ಜನವರಿಯ ಮಂಜಿನಲ್ಲಿಯೂ ಬಯಲಿನಲ್ಲಿಯೇ ನಿಂತಿರುತ್ತವೆ. ಸುತ್ತಣ ಕುರುಚಲು ಕಾಡಿನಲ್ಲಿ ವಿಪುಲವಾಗಿ ಬೆಳೆದಿರುವ ವಿಲಾಯತಿ ಕೀಕರ್, ಕರ್ನಾಟಕದ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಎಂದು ಹೆಸರಾದ ಮರವೇ ಅದು, ದಟ್ಟವಾದ ನೆರಳನ್ನು ಕೊಡುವ ಜಾತಿಯದಲ್ಲ.

ಹೀಗೆ ನಿಂತ ಕಾರಿನಲ್ಲಿ ಮುಪ್ಪು ಮೊದಲು ಕಾಣಿಸಿಕೊಳ್ಳುವುದು ಎಂಜಿನಿನಲ್ಲಿ ಅಲ್ಲ, ಮೈಬಣ್ಣದಲ್ಲಿಯೂ ಅಲ್ಲ. ಬಣ್ಣ ಬಳಿಯದೆ ಕಪ್ಪಾಗಿಯೇ ಬಿಟ್ಟಿರುವ ಪ್ಲಾಸ್ಟಿಕ್ ಭಾಗಗಳಲ್ಲಿ: ಬಂಪರಿನ ಕೆಳಪಟ್ಟಿ, ಚಕ್ರದ ಮೇಲಿನ ಕಮಾನು, ಬಾಗಿಲಿನ ಬೀಡಿಂಗು, ಪಕ್ಕದ ಕನ್ನಡಿಗಳ ಬುಡ, ಮುಂಗಾಜಿನ ಕೆಳಗೆ ವೈಪರು ಕುಳಿತಿರುವ ಹಾಸು. ಮೂರು ನಾಲ್ಕು ಬೇಸಿಗೆಗಳು ಕಳೆಯುವಷ್ಟರಲ್ಲಿ ಇವು ಕಪ್ಪಿನಿಂದ ಬೂದಿಗೆ, ಬೂದಿಯಿಂದ ಸುಣ್ಣ ಬಳಿದಂತಹ ಬಿಳುಪಿಗೆ ತಿರುಗುತ್ತವೆ. ಇದನ್ನು ಕೊಳೆಯೆಂದು ಭಾವಿಸಿ ಮಾಲೀಕನು ರವಿವಾರ ಬೆಳಗ್ಗೆ ಬಕೆಟ್ಟು ಹಿಡಿದು ಇಳಿಯುತ್ತಾನೆ. ನೀರು ಬಿದ್ದೊಡನೆ ಪ್ಲಾಸ್ಟಿಕ್ ಮತ್ತೆ ಹೊಸದರಂತೆ ಕಪ್ಪಾಗುತ್ತದೆ. ಮಾಲೀಕನಿಗೆ ಪರಮ ಸಂತೋಷ. ಮೇಲೆ ಹೋಗಿ ಕಾಫಿ ಕುಡಿದು ಕೆಳಗಿಳಿಯುವಷ್ಟರಲ್ಲಿ ಅದೇ ಬೂದಿ, ಅದೇ ಬಿಳುಪು.

ಇದು ಬರಿಯ ಅಂದಚಂದದ ಮಾತೆಂದು ತಳ್ಳಿಹಾಕುವವರೂ ಉಂಟು. ಆದರೆ ಹಳೆಯ ಕಾರನ್ನು ಕೊಳ್ಳಲು ಬಂದವನು ಬಾನೆಟ್ಟನ್ನು ಎತ್ತುವುದಕ್ಕೆ ಮೊದಲು ಕಾರನ್ನು ಒಂದು ಸುತ್ತು ಹಾಕುತ್ತಾನೆ. ಬಿಳಿಚಿದ ಬಂಪರನ್ನು ಕಂಡವನು, ಒಳಗೂ ಹೀಗೆಯೇ ಇದ್ದೀತೆಂದು ಬೆಲೆ ಇಳಿಸುತ್ತಾನೆ. ವರ್ಗಾವಣೆಯಿಂದಲೋ ನಿವೃತ್ತಿಯಿಂದಲೋ ಊರಿಗೆ ಹಿಂದಿರುಗುವ ಕನ್ನಡಿಗನಿಗೆ ಇದು ಅವಸರದ ಮಾರಾಟ, ಚೌಕಾಶಿಗೆ ಸಮಯವಿರುವುದಿಲ್ಲ. ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನೂ ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳನ್ನೂ ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೫ರಲ್ಲಿ ಆದೇಶಿಸಿತು. ಸುಪ್ರೀಂ ಕೋರ್ಟು ೨೦೧೮ರಲ್ಲಿ ಅದನ್ನು ಜಾರಿಗೊಳಿಸಲು ಸೂಚಿಸಿತು. ೨೦೨೫ರಲ್ಲಿ ವಿಷಯವು ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂದಿತು. ಆದುದರಿಂದ ಮಾರುವವರೂ ಉಳಿಸಿಕೊಳ್ಳುವವರೂ ಆಯಾ ಕಾಲದ ನಿಯಮವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಇವೆಲ್ಲಕ್ಕಿಂತ ಮುಖ್ಯವಾದ ಮಾತು ಮತ್ತೊಂದಿದೆ. ಬಿಳುಪನ್ನು ಅಡಗಿಸಲು ಜನರು ಹಚ್ಚುವ ಪದಾರ್ಥಗಳಲ್ಲಿ ಕೆಲವು, ಕಾರಿಗಿಂತ ಹೆಚ್ಚಾಗಿ ಅವನ್ನು ಹಚ್ಚುವ ಮನುಷ್ಯನಿಗೂ ಮನೆಯ ಮಕ್ಕಳಿಗೂ ಹಾನಿ ಮಾಡುತ್ತವೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಅವುಗಳ ಬಂಪರು ಕ್ರೋಮ್ ಲೇಪಿಸಿದ ಉಕ್ಕಿನದು. ತುಕ್ಕು ಹಿಡಿಯುತ್ತಿತ್ತೇ ಹೊರತು ಬಿಳಿಚುತ್ತಿರಲಿಲ್ಲ. ೧೯೭೨ರಲ್ಲಿ ಫ್ರಾನ್ಸಿನ ರೆನೋ ಕಂಪನಿಯು ತನ್ನ ‘ರೆನೋ ೫’ ಎಂಬ ಸಣ್ಣ ಕಾರಿಗೆ ಪ್ಲಾಸ್ಟಿಕ್ ಬಂಪರನ್ನು ತೊಡಿಸಿತು. ಭಾರತದಲ್ಲಿ, ವಸಂತ್ ಕುಂಜಿಗೆ ನೆರೆಯದಾದ ಗುಡಗಾಂವಿನ ಕಾರ್ಖಾನೆಯಿಂದ ೧೯೮೩ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ ೮೦೦ರಿಂದ ಮೊದಲ್ಗೊಂಡ ಹೊಸ ತಲೆಮಾರಿನ ಕಾರುಗಳಲ್ಲಿ ಕ್ರೋಮ್ ಕ್ರಮೇಣ ಹಿಂದೆ ಸರಿದು ಪ್ಲಾಸ್ಟಿಕ್ ಮುಂದೆ ಬಂದಿತು. ಹಗುರ, ಅಗ್ಗ, ತುಕ್ಕಿಲ್ಲ, ಸಣ್ಣ ಪೆಟ್ಟಿಗೆ ಬಾಗಿ ಮತ್ತೆ ನೆಟ್ಟಗಾಗುವ ಗುಣ: ಇಷ್ಟೂ ಅದರ ಹಿರಿಮೆಗಳೇ. ಮುಂದೆ ಬಂಪರುಗಳಿಗೆ ಕಾರಿನದೇ ಬಣ್ಣ ಬಳಿಯುವ ರೂಢಿ ಬಂದಾಗ ಬಣ್ಣವೇ ಪ್ಲಾಸ್ಟಿಕ್ಕಿಗೆ ಕೊಡೆಯಾಯಿತು. ಈಚಿನ ವರ್ಷಗಳಲ್ಲಿ ಜೀಪಿನ ಗತ್ತಿನ ಎತ್ತರದ ಕಾರುಗಳು ಜನಪ್ರಿಯವಾಗಿ, ಸುತ್ತಲೂ ಅಗಲವಾದ ಕಪ್ಪು ಪಟ್ಟಿಯನ್ನು ಬಣ್ಣವಿಲ್ಲದೆಯೇ ಬಿಡುವುದು ಫ್ಯಾಷನ್ ಆಗಿರುವುದರಿಂದ ಹಳೆಯ ತೊಂದರೆ ಇನ್ನಷ್ಟು ಅಗಲವಾಗಿ ಮರಳಿದೆ.

ಈ ಭಾಗಗಳನ್ನು ಹೆಚ್ಚಾಗಿ ಮಾಡುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ. ಇಟಲಿಯ ಜೂಲಿಯೊ ನಾಟ್ಟಾ ೧೯೫೪ರಲ್ಲಿ ಇದನ್ನು ಗಟ್ಟಿಯಾದ, ಉಪಯುಕ್ತವಾದ ರೂಪದಲ್ಲಿ ಪಡೆದರು. ೧೯೬೩ರಲ್ಲಿ ಅವರಿಗೂ ಜರ್ಮನಿಯ ಕಾರ್ಲ್ ಜೀಗ್ಲರ್ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಕಳಚಿದ ಬಂಪರೊಂದರ ಒಳಮೈಯನ್ನು ನೋಡಿದರೆ ಪಿ.ಪಿ., ಇ.ಪಿ.ಡಿ.ಎಂ., ಟಿ ೨೦ ಎಂಬಂತಹ ಅಚ್ಚು ಕಾಣಸಿಗುತ್ತದೆ. ಪಿ.ಪಿ. ಎಂದರೆ ಪಾಲಿಪ್ರೊಪಿಲೀನ್, ಮುಂದಿನದು ಅದಕ್ಕೆ ಬಾಗುವ ಗುಣ ಬರಲೆಂದು ಬೆರೆಸಿದ ರಬ್ಬರು, ಟಿ ೨೦ ಎಂದರೆ ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್. ಈ ಟಾಲ್ಕ್ ಬೇರೇನೂ ಅಲ್ಲ, ಬಳಪದ ಕಲ್ಲಿನ ಮುಖ್ಯ ಖನಿಜ. ಪ್ಲಾಸ್ಟಿಕ್ಕಿಗೆ ಬಿಗುವು ಕೊಡಲು ಪುಡಿಮಾಡಿ ಸೇರಿಸುತ್ತಾರೆ. ಇನ್ನು ಕಪ್ಪು ಬಣ್ಣಕ್ಕೆ ಕಾರ್ಬನ್ ಬ್ಲ್ಯಾಕ್ ಎಂಬ ನಯವಾದ ಮಸಿ. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ ಹಿಡಿಯುವ ಕಾಡಿಗೆಯ ದೂರದ ನಂಟ ಇದು. ಕಾರ್ಖಾನೆಯ ಹೊಸ ಬಂಪರು ಎಂದರೆ, ಒಟ್ಟಿನಲ್ಲಿ, ಬಳಪವನ್ನೂ ಕಾಡಿಗೆಯನ್ನೂ ಒಡಲಲ್ಲಿ ಹುದುಗಿಸಿಕೊಂಡ ಪ್ಲಾಸ್ಟಿಕ್ಕು.

ಬಿಸಿಲಿನಲ್ಲಿ ಬೆಳಕು, ಶಾಖಗಳ ಜೊತೆಗೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಮನುಷ್ಯನ ಚರ್ಮವನ್ನು ಕಂದಿಸುವ ಈ ಕಿರಣಗಳು ಪಾಲಿಪ್ರೊಪಿಲೀನಿನ ಉದ್ದನೆಯ ಅಣುಸರಪಳಿಗಳ ಮೇಲೆಯೂ ಎರಗುತ್ತವೆ. ಆ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಅಂಟಿರುವ ಜಲಜನಕ ಸುಲಭವಾಗಿ ಕಳಚಿಕೊಳ್ಳುವಂಥದು. ಅದು ಕಳಚಿದ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಸೇರುತ್ತದೆ, ಸರಪಳಿ ತುಂಡಾಗುತ್ತದೆ, ತುಂಡಾದ ತುದಿಗಳು ನೆರೆಯ ಸರಪಳಿಗಳನ್ನು ಕೆಣಕುತ್ತವೆ. ಶಾಖ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ಇದನ್ನು ತಡೆಯಲೆಂದು ತಯಾರಕರು ರಕ್ಷಕ ರಾಸಾಯನಿಕಗಳನ್ನು ಬೆರೆಸಿರುತ್ತಾರೆ; ಕಾಡಿಗೆಯೂ ಕಿರಣಗಳನ್ನು ಹೀರಿಕೊಂಡು ಬಹುಮಟ್ಟಿಗೆ ಕಾಪಾಡುತ್ತದೆ. ಆದರೆ ಆ ರಕ್ಷಕಗಳು ವರ್ಷಗಳು ಕಳೆದಂತೆ ಮೇಲ್ಪದರದಲ್ಲಿ ಕ್ಷಯಿಸುತ್ತವೆ. ಆಗ ಮೈ ಸೂಕ್ಷ್ಮವಾಗಿ ಬಿರಿಯುತ್ತದೆ, ಹುದುಗಿದ್ದ ಬಳಪದ ಪುಡಿ ಹೊರಗೆ ಕಾಣಿಸಿಕೊಳ್ಳುತ್ತದೆ. ಬೆರಳಿನಿಂದ ಉಜ್ಜಿದರೆ ಅಂಟುವ ಬಿಳಿಯ ಹುಡಿ ಅದೇ. ಅಂಗಳದಲ್ಲಿ ಮರೆತು ಬಿಟ್ಟ ಪ್ಲಾಸ್ಟಿಕ್ ಕುರ್ಚಿ ಕೆಲವು ವರ್ಷಗಳ ನಂತರ ಹುಡಿ ಬಿಟ್ಟು, ಕುಳಿತವರನ್ನು ಒಂದು ದಿನ ನೆಲಕ್ಕೆ ಕೆಡವುವುದೂ ಇದೇ ಕ್ರಿಯೆಯಿಂದ.

ಹಾಗಾದರೆ ನೀರು ಬಿದ್ದಾಗ ಕಪ್ಪು ಮರಳುವುದೇಕೆ? ಹಳ್ಳಿಯ ಶಾಲೆಯಲ್ಲಿ ಸ್ಲೇಟು ಹಿಡಿದು ಕಲಿತವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒದ್ದೆ ಬಟ್ಟೆಯಿಂದ ಒರಸಿದ ಸ್ಲೇಟು ಅಚ್ಚಗಪ್ಪಾಗಿ ಕಂಡು, ಆರಿದ ಮೇಲೆ ಬೂದಿಯಾಗುತ್ತಿತ್ತಷ್ಟೆ. ಬಿರುಕುಗಳಲ್ಲಿ ಗಾಳಿ ತುಂಬಿರುವಾಗ ಬೆಳಕು ಅಡ್ಡಾದಿಡ್ಡಿ ಚದುರಿ ಕಣ್ಣಿಗೆ ಬಿಳುಪಾಗಿ ತೋರುತ್ತದೆ. ಅದೇ ಬಿರುಕುಗಳನ್ನು ನೀರು ತುಂಬಿದಾಗ ಚದುರುವಿಕೆ ತಗ್ಗಿ, ಒಳಗಿನ ಕಾಡಿಗೆ ಕಾಣುತ್ತದೆ. ಎಣ್ಣೆ ಹಚ್ಚಿದಾಗ ಆಗುವುದೂ ಇಷ್ಟೇ. ನೀರು ಕಾಲು ಗಂಟೆಯಲ್ಲಿ ಆರುತ್ತದೆ, ಎಣ್ಣೆ ಕೆಲವು ದಿನ ನಿಲ್ಲುತ್ತದೆ, ಅಂಗಡಿಯ ಪಾಲಿಶು ಕೆಲವು ವಾರ. ಮೂರೂ ಬಿರುಕನ್ನು ತುಂಬುತ್ತವೆ, ಯಾವುದೂ ಬಿರುಕನ್ನು ಬೆಸೆಯುವುದಿಲ್ಲ. ತುಂಡಾದ ಸರಪಳಿಯನ್ನು ಮತ್ತೆ ಜೋಡಿಸುವ ಔಷಧವು ಯಾವ ಸೀಸೆಯಲ್ಲಿಯೂ ಇಲ್ಲ. ಆದಕಾರಣ ಗಮನಿಸಬೇಕಾದುದು ಎರಡನ್ನೇ: ತುಂಬುವ ಪದಾರ್ಥ ಎಷ್ಟು ಕಾಲ ಗಟ್ಟಿಯಾಗಿ ನಿಂತೀತು, ಮತ್ತು ಅದು ಇನ್ನು ಮುಂದೆ ಬೀಳುವ ಬಿಸಿಲನ್ನು ತಡೆದೀತೇ.

ಬಿಳುಪೆಲ್ಲವೂ ಬಿಸಿಲಿನದಲ್ಲ, ಆದುದರಿಂದ ಉಪಚಾರಕ್ಕೆ ಮುನ್ನ ರೋಗನಿರ್ಣಯ ಆಗಬೇಕು. ಒಣಗಿದ ಪ್ಲಾಸ್ಟಿಕ್ಕಿನ ಮೇಲೆ ನೀರು ಹನಿಸಿ ನೋಡಬೇಕು. ನೆಂದಾಗ ಸಮನಾಗಿ ಕಪ್ಪಾದರೆ ಅದು ಬಿಸಿಲಿನ ಕೆಲಸ. ನೆಂದರೂ ಅಲ್ಲಲ್ಲಿ, ವಿಶೇಷವಾಗಿ ಬಣ್ಣದ ತಗಡಿಗೆ ತಾಗಿದ ಅಂಚಿನಲ್ಲಿ, ಬಿಳಿಯ ಗೀರುಗಳು ಉಳಿದರೆ ಅದು ಮೈಗೆ ಹಚ್ಚಿದ ಮೇಣದ ಪಾಲಿಶು ಪ್ಲಾಸ್ಟಿಕ್ಕಿನ ತರಿತರಿಯಲ್ಲಿ ಸಿಕ್ಕಿ ಒಣಗಿದ್ದು. ಮಕ್ಕಳ ಪೆನ್ಸಿಲಿನ ರಬ್ಬರಿನಿಂದ ಉಜ್ಜಿದರೆ ಅದು ಬಹುಮಟ್ಟಿಗೆ ಬಿಟ್ಟುಬರುತ್ತದೆ. ಮೂರನೆಯದು ಗಡಸು ನೀರಿನ ಕಲೆ, ಹನಿ ಆರಿದಲ್ಲಿ ಉಳಿದ ಉಂಗುರ. ವಸಂತ್ ಕುಂಜಿನ ನೀರಿನ ಕೊರತೆ ಹಳೆಯ ಕಥೆ. ಟ್ಯಾಂಕರನ್ನೂ ಕೊಳವೆಬಾವಿಯನ್ನೂ ನಂಬಿದಾಗ ಸುಣ್ಣದ ಅಂಶ ಹೆಚ್ಚಿರುವ ನೀರೇ ಪಾಲಿಗೆ ಬರುವುದುಂಟು. ಸಮಪಾಲು ನೀರು ಬೆರೆಸಿದ ಬಿಳಿಯ ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಕೂಡಲೇ ತೊಳೆದರೆ ಅದು ಹೋಗುತ್ತದೆ. ಇವೆರಡು ಕಲೆಗಳಿಗೆ ದುಬಾರಿ ಲೇಪನ ಮಾಡಿಸಿಕೊಂಡವರು ಹಣವನ್ನು ವ್ಯರ್ಥ ಮಾಡಿದಂತೆಯೇ.

ಈಗ ಮನೆಮದ್ದುಗಳನ್ನು ನೋಡಬಹುದು. ಅವುಗಳಲ್ಲಿ ಅತ್ಯಂತ ಪ್ರಚಲಿತವಾದುದು, ಡ್ರೈವರುಗಳಿಗೆ ಪ್ರಿಯವಾದುದು, ಡೀಸೆಲ್ಲಿನಲ್ಲಿ ಅದ್ದಿದ ಚಿಂದಿಬಟ್ಟೆ. ಹಚ್ಚಿದ ದಿನ ಕಾರು ಷೋರೂಮಿನಿಂದ ಬಂದಂತೆ ಕಾಣುವುದು ನಿಜ. ಆದರೆ ಡೀಸೆಲ್ಲು ಪ್ಲಾಸ್ಟಿಕ್ಕಿನಲ್ಲಿ ಬೆರೆತ ರಬ್ಬರನ್ನು ಉಬ್ಬಿಸುತ್ತದೆ, ದೆಹಲಿಯ ಧೂಳನ್ನೆಲ್ಲ ಕರೆದು ಅಂಟಿಸಿಕೊಳ್ಳುತ್ತದೆ. ಬರಿಗೈಯಲ್ಲಿ ದಿನವೂ ಡೀಸೆಲ್ಲು, ಸೀಮೆಎಣ್ಣೆ ಮುಟ್ಟುವವರ ಚರ್ಮ ತನ್ನ ಸಹಜವಾದ ಜಿಡ್ಡನ್ನು ಕಳೆದುಕೊಂಡು ಬಿರಿಯುತ್ತದೆ, ತುರಿಕೆ ಹುಣ್ಣುಗಳಾಗುತ್ತವೆ. ಡಿಸೆಂಬರಿನ ಮುಂಜಾವಿನಲ್ಲಿ ತಣ್ಣೀರಿನ ಬಕೆಟ್ಟು ಹಿಡಿದು ಕಾರು ಒರಸಲು ಬರುವ ಹುಡುಗನ ಕೈಗಳನ್ನು ಒಮ್ಮೆ ನೋಡಿದವರು ಈ ಪದ್ಧತಿಯನ್ನು ಪ್ರೋತ್ಸಾಹಿಸಲಾರರು. ಪೆಟ್ರೋಲಿನಿಂದ ಒರಸುವ ಮಾತನ್ನಂತೂ ಎತ್ತಲೇಬಾರದು. ಒಂದು ಕಿಡಿ ಸಾಕು.

ಕೊಬ್ಬರಿ ಎಣ್ಣೆ ನಿರಪಾಯಕಾರಿ, ಅಷ್ಟೇ ನಿಷ್ಪ್ರಯೋಜಕ. ತಲೆಗೆ ಹಚ್ಚಿಕೊಳ್ಳುವುದೇ ಅದರ ಸದುಪಯೋಗ. ಕಪ್ಪು ಬೂಟ್ ಪಾಲಿಶು ಕೆಲವು ದಿನ ಚೆನ್ನಾಗಿ ಕಂಡು, ಮೊದಲ ಮಳೆಗೆ ಬಾಗಿಲಿನ ಮೇಲೆ ಇಳಿದು, ಹತ್ತಿಳಿಯುವವರ ಸೀರೆಗೂ ಪ್ಯಾಂಟಿಗೂ ಅಂಟುತ್ತದೆ. ಅಗಸೆ ಎಣ್ಣೆಯ ಗುಣ ಬೇರೆ. ಅದು ಆರಿದಾಗ ಗಾಳಿಯ ಆಮ್ಲಜನಕದೊಡನೆ ಸೇರಿ ತೆಳುವಾದ ಗಟ್ಟಿ ಪೊರೆಯಾಗುತ್ತದೆ. ಮರಗೆಲಸದವರು ಅದನ್ನು ಬಳಸುವುದು ಆ ಕಾರಣಕ್ಕೇ. ಪ್ಲಾಸ್ಟಿಕ್ಕಿನ ಮೇಲೂ ಉಳಿದ ಎಣ್ಣೆಗಳಿಗಿಂತ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಪೊರೆಗಟ್ಟುವ ಆ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಳಗಿನ ಶಾಖ ಹೊರಹೋಗಲಾರದೆ, ಬೆಂಕಿ ಸೋಕದೆಯೇ ಅವು ತಾವಾಗಿ ಹೊತ್ತಿಕೊಳ್ಳಬಲ್ಲವು. ಬೇಸಿಗೆಯಲ್ಲಿ ಮುಚ್ಚಿದ ಬಾಲ್ಕನಿಯಲ್ಲಿ ಹೀಗಾದರೆ ಪರಿಣಾಮವನ್ನು ಊಹಿಸಬಹುದು. ಅಂತಹ ಬಟ್ಟೆಯನ್ನು ಬಿಚ್ಚಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ನೆನೆಸಿಡಬೇಕು.

ಇನ್ನೊಂದು ಸಾಹಸ ಬಿಸಿಗಾಳಿಯ ಗನ್ನಿನದು. ಬಣ್ಣ ಕೀಳುವ ಈ ಯಂತ್ರದ ಉಸಿರು ಐನೂರು ಡಿಗ್ರಿ ಸೆಲ್ಸಿಯಸ್ಸನ್ನೂ ಮುಟ್ಟಬಲ್ಲುದು. ಪಾಲಿಪ್ರೊಪಿಲೀನು ಕರಗುವುದು ಸುಮಾರು ನೂರ ಅರವತ್ತರಲ್ಲಿ. ಬಿಳಿಚಿದ ಮೈಯ ಮೇಲೆ ಅದನ್ನು ಆಡಿಸಿದಾಗ ಮೇಲ್ಪದರ ಕರಗಿ ಹರಿದು ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಮಾಯದಂತೆ ಕಪ್ಪು ಮರಳುತ್ತದೆ. ನೋಡುವವರಿಗೆ ಚಮತ್ಕಾರ. ಆದರೆ ಅಳಿದುಳಿದ ರಕ್ಷಕ ರಾಸಾಯನಿಕಗಳನ್ನೂ ಆ ಶಾಖ ಸುಟ್ಟುಬಿಡುತ್ತದೆ. ಮುಂದಿನ ಬೇಸಿಗೆಗೆ ಬಿಳುಪು ಇಮ್ಮಡಿ ವೇಗದಲ್ಲಿ ಬಂದರೆ ಆಶ್ಚರ್ಯವಿಲ್ಲ. ಕೈ ಒಂದು ಕ್ಷಣ ನಿಂತರೆ ಬಂಪರು ಸೊಟ್ಟಗಾಗುತ್ತದೆ, ತರಿತರಿ ಅಳಿದು ಅಲ್ಲಲ್ಲಿ ಹೊಳೆಯುತ್ತದೆ, ಹಿಂದೆ ಅಡಗಿರುವ ಪಾರ್ಕಿಂಗ್ ಸೆನ್ಸರು ಕೆಡುತ್ತದೆ. ಕಾದ ಪ್ಲಾಸ್ಟಿಕ್ಕಿನ ಹೊಗೆ ಉಸಿರಾಟಕ್ಕೆ ಒಳ್ಳೆಯದಲ್ಲ. ನವೆಂಬರಿನ ದೆಹಲಿಯಲ್ಲಿ ಶ್ವಾಸಕೋಶಗಳಿಗೆ ಅದಿಲ್ಲದೆಯೇ ಸಾಕಷ್ಟು ಭಾರವಿದೆ. ಪೆಟ್ರೋಲು ತುಂಬುವ ಮುಚ್ಚಳದ ಬಳಿಯಲ್ಲಿ ಇದನ್ನು ಹಿಡಿಯುವುದು ಅಪಾಯವನ್ನು ಕೂಗಿ ಕರೆದಂತೆ.

ಕರೋಲ್ ಬಾಗಿನ ಕಾರು ಸಾಮಗ್ರಿಯ ಅಂಗಡಿಗಳಲ್ಲಿ ಹಲವು ಹೆಸರಿನಲ್ಲಿ ಸಿಗುವ ಪ್ಲಾಸ್ಟಿಕ್ ಪಾಲಿಶುಗಳ ಜೀವಾಳ ಸಿಲಿಕೋನ್ ಎಣ್ಣೆ. ಇವುಗಳಲ್ಲಿ ಹಾಲಿನಂತೆ ಬೆಳ್ಳಗಿರುವುವು ಸಾಮಾನ್ಯವಾಗಿ ನೀರಿನಲ್ಲಿ ಬೆರೆಸಿದವು; ಪಾರದರ್ಶಕವಾಗಿ, ಜಿಡ್ಡಾಗಿ, ಘಾಟು ವಾಸನೆಯಿಂದ ಕೂಡಿರುವುವು ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿದವು. ಮೊದಲನೆಯ ಬಗೆಯೇ ಮೇಲು. ಎರಡನೆಯದರ ಆವಿ ಮುಚ್ಚಿದ ಜಾಗದಲ್ಲಿ ತಲೆನೋವು, ತಲೆಸುತ್ತು, ಓಕರಿಕೆಗಳನ್ನು ತರುತ್ತದೆ. ಆಸ್ತಮಾ ಇರುವವರು ಅದರ ಹತ್ತಿರಕ್ಕೂ ಹೋಗಬಾರದು. ಸ್ಪ್ರೇ ಡಬ್ಬಿಯಿಂದ ಸಿಂಪಡಿಸುವುದಕ್ಕಿಂತ ಸ್ಪಂಜಿಗೆ ಹಾಕಿಕೊಂಡು ಒರಸುವುದು ಕ್ಷೇಮ. ಸಿಂಪಡಿಸಿದ ಸಿಲಿಕೋನು ಗಾಳಿಗೆ ತೇಲಿ ಬ್ರೇಕಿನ ತಟ್ಟೆಯ ಮೇಲೆ ಕುಳಿತರೆ ಬ್ರೇಕು ಹಿಡಿಯುವುದಿಲ್ಲ. ಕೆಲವರು ಉಳಿದ ಪಾಲಿಶನ್ನು ಸ್ಟಿಯರಿಂಗಿಗೂ ಕಾಲ ಕೆಳಗಿನ ಪೆಡಲುಗಳಿಗೂ ಹಚ್ಚುತ್ತಾರೆ. ಜಾರುವ ಪೆಡಲಿಗಿಂತ ಬಿಳಿಚಿದ ಪೆಡಲು ಸಾವಿರ ಪಾಲು ಲೇಸು.

ಬಾಳಿಕೆ ಬೇಕೆನ್ನುವವರಿಗೆ ಈಗ ಇರುವ ಒಳ್ಳೆಯ ಮಾರ್ಗ ಗಟ್ಟಿಯಾಗುವ ಲೇಪನ. ಸಿರಾಮಿಕ್ ಎಂಬ ಹೆಸರಿನಲ್ಲಿ ಮಾರುವ ಇವು ಸಿಲಿಕಾದಂತಹ ತೆಳುವಾದ ಗಟ್ಟಿ ಪದರವನ್ನು ಬಿಡುತ್ತವೆ. ಕೆಲವದರಲ್ಲಿ ಕಪ್ಪು ಬಣ್ಣವೂ ಬೆರೆತಿರುತ್ತದೆ. ಕಪ್ಪು ಪೂರ್ತಿ ಹೋದ ಪ್ಲಾಸ್ಟಿಕ್ಕಿಗೆ ಬಣ್ಣವಿರುವುದೂ, ಆಗತಾನೆ ಮಾಸತೊಡಗಿದ್ದಕ್ಕೆ ಬಣ್ಣವಿಲ್ಲದುದೂ ತಕ್ಕದ್ದು. ಸೀಸೆಯ ಮೇಲೆ ನೇರಳಾತೀತ ಕಿರಣವನ್ನು ತಡೆಯುವ ಗುಣದ ಪ್ರಸ್ತಾಪವಿದೆಯೇ ಎಂದು ನೋಡಿಕೊಳ್ಳಬೇಕು. ವರ್ಷಗಟ್ಟಲೆ ನಿಲ್ಲುತ್ತದೆಂಬ ಜಾಹೀರಾತನ್ನು, ಬಿಸಿಲಿನಲ್ಲಿಯೇ ನಿಲ್ಲುವ ಕಾರಿನ ಮಾಲೀಕನು ಅರ್ಧಕ್ಕೆ ಇಳಿಸಿ ಓದಿಕೊಳ್ಳುವುದು ಜಾಣತನ.

ಯಾವ ಲೇಪನವೇ ಆಗಲಿ, ಅದರ ಯಶಸ್ಸು ಇರುವುದು ಸೀಸೆಯಲ್ಲಿ ಅಲ್ಲ, ಹಚ್ಚುವ ಮೊದಲು ಮಾಡುವ ಶುದ್ಧಿಯಲ್ಲಿ. ಹಳ್ಳಿಯಲ್ಲಿ ಗೋಡೆಗೆ ಸುಣ್ಣ ಬಳಿಯುವ ಮುನ್ನ ಹಳೆಯ ಹೆಪ್ಪಳಿಕೆಯನ್ನು ಕೆರೆದು ತೆಗೆಯುವುದಿಲ್ಲವೇ, ಹಾಗೆ. ನೆರಳಿನಲ್ಲಿ, ಕಾರು ಪೂರ್ತಿ ತಣ್ಣಗಾದ ಮೇಲೆ, ಮೊದಲು ಬರಿಯ ನೀರಿನಿಂದ ಧೂಳನ್ನು ಇಳಿಸಬೇಕು. ಆಮೇಲೆ ಕಾರಿನ ಷಾಂಪೂ ಬೆರೆಸಿದ ನೀರಿನಲ್ಲಿ ಮೆತ್ತನೆಯ ನೈಲಾನ್ ಬ್ರಷ್ಷನ್ನು ಅದ್ದಿ, ತರಿತರಿಯ ಒಳಗಿನ ಹಳೆಯ ಪಾಲಿಶು, ಹೊಗೆಯ ಮಸಿ, ಬಳಪದ ಹುಡಿ ಬಿಟ್ಟುಬರುವಂತೆ ಉಜ್ಜಬೇಕು; ಸಂದುಗೊಂದುಗಳಿಗೆ ಹಳೆಯ ಟೂತ್ ಬ್ರಷ್ಷು ಸಾಕು. ನೊರೆ ಬೂದು ಬಣ್ಣದಲ್ಲಿ ಇಳಿಯುತ್ತದೆ. ತೊಳೆದು, ಮತ್ತೆ ಉಜ್ಜಿ, ನೊರೆ ಬೆಳ್ಳಗಾಗುವ ತನಕ ಇದನ್ನು ಮುಂದುವರಿಸಬೇಕು. ಬಹಳ ಜನರು ಅವಸರಪಡುವುದು ಇಲ್ಲಿಯೇ. ಉಪ್ಪುಕಾಗದವನ್ನು ಮಾತ್ರ ಮುಟ್ಟಬಾರದು: ತರಿತರಿ ಒಮ್ಮೆ ಸವೆದರೆ ಮರಳುವುದಿಲ್ಲ, ಒಣ ಹುಡಿ ಮೂಗಿಗೆ ಸೇರುತ್ತದೆ. ನೀರಿನ ಕೊರತೆಯಿರುವ ದಿನಗಳಲ್ಲಿ ಕಾರನ್ನೆಲ್ಲ ತೊಳೆಯುವ ಅಗತ್ಯವಿಲ್ಲ. ಕಪ್ಪು ಭಾಗಗಳಿಗೆ ಎರಡು ಬಕೆಟ್ಟು ಸಾಕಾಗುತ್ತದೆ.

ತೊಳೆದುದು ಚೆನ್ನಾಗಿ ಆರಬೇಕು, ಸಂದುಗಳಲ್ಲಿ ಅಡಗಿದ ನೀರೂ ಸೇರಿದಂತೆ. ಒಂದೆರಡು ಗಂಟೆ ಕಾಯುವುದು ಮೇಲು. ಅನಂತರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಮ್ಮೆ ಒರಸಿ ಉಳಿದ ಜಿಡ್ಡನ್ನು ತೆಗೆಯಬೇಕು. ಇದು ಬೇಗ ಹೊತ್ತಿಕೊಳ್ಳುವ ದ್ರವವಾದುದರಿಂದ ಸಿಗರೇಟು ಹಚ್ಚಿದವರು ದೂರವಿರಲಿ. ಬಣ್ಣದ ತಗಡಿನ ಅಂಚಿಗೆ ಕಾಗದದ ಟೇಪು ಅಂಟಿಸಿ, ಕೈಗವಸು ತೊಟ್ಟು, ಲೇಪನದ ಕೆಲವೇ ಹನಿಗಳನ್ನು ಸ್ಪಂಜಿಗೆ ಹಾಕಿಕೊಂಡು ಒಂದೊಂದು ಅಡಿಯಷ್ಟು ಜಾಗಕ್ಕೆ ತೆಳ್ಳಗೆ, ಸಮನಾಗಿ ಹಚ್ಚಬೇಕು. ಸೀಸೆಯ ಮೇಲೆ ಹೇಳಿದಷ್ಟು ನಿಮಿಷ ಬಿಟ್ಟು, ಹೆಚ್ಚಾದುದನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರಸಿ ತೆಗೆಯಬೇಕು. ಬಿಟ್ಟರೆ ಅದು ಗೆರೆಗೆರೆಯಾಗಿ ಗಟ್ಟಿಯಾಗುತ್ತದೆ. ಒಂದು ಹಗಲು ಒಂದು ರಾತ್ರಿ ನೀರು ಸೋಕಬಾರದು. ಕಾಣದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ ನೋಡುವವರು ಎಂದೂ ಪಶ್ಚಾತ್ತಾಪಪಡುವುದಿಲ್ಲ.

ದೆಹಲಿಯಲ್ಲಿ ಇದಕ್ಕೆ ತಕ್ಕ ಕಾಲ ಎರಡೇ. ಮಳೆಗಾಲ ಮುಗಿದು ಹೊಗೆಮಂಜು ಕವಿಯುವ ಮುನ್ನಿನ ಅಕ್ಟೋಬರು ಒಂದು. ಫೆಬ್ರವರಿಯ ನಡುವಿನಿಂದ ಹೋಳಿಯವರೆಗಿನ ದಿನಗಳು ಮತ್ತೊಂದು. ಮೇ, ಜೂನಿನಲ್ಲಿ ಲೇಪನ ಒರಸುವ ಮುನ್ನವೇ ಆರಿಹೋಗುತ್ತದೆ. ನಡುಹಗಲು ಕುಕ್ಕರಗಾಲಿನಲ್ಲಿ ಕುಳಿತು ಬಂಪರು ಉಜ್ಜುವ ಅರವತ್ತು ದಾಟಿದ ಹಿರಿಯರಿಗೆ ಬಿಸಿಲಿನ ಹೊಡೆತದ ಭಯವೂ ಉಂಟು. ಹೋಳಿಗೆ ಮುಂಚೆ ಮುಗಿಸಬೇಕೆನ್ನುವುದಕ್ಕೂ ಕಾರಣವಿದೆ. ಬಿರಿತ ಪ್ಲಾಸ್ಟಿಕ್ಕಿನ ಒಳಕ್ಕೆ ಹೊಕ್ಕ ಗುಲಾಬಿ, ಹಸಿರು ಬಣ್ಣಗಳನ್ನು ಆಮೇಲೆ ಹೊರಡಿಸುವುದು ಬಹು ಕಷ್ಟ. ಲೇಪನವಿದ್ದರೆ ನೀರಿನಲ್ಲಿ ತೊಳೆದುಹೋಗುತ್ತವೆ.

ಲೇಪನದಿಂದಲೂ ಸರಿಹೋಗದಷ್ಟು ಕೆಟ್ಟಿದ್ದರೆ ಬಣ್ಣ ಬಳಿಸಬಹುದು. ಪಾಲಿಪ್ರೊಪಿಲೀನಿಗೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಪ್ರೈಮರ್ ಹೊಡೆಯದೆ ಬಳಿದ ಬಣ್ಣ ಒಂದು ವರ್ಷದೊಳಗೆ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಅದನ್ನು ಹೊಡೆಯುವನೇ ಎಂದು ಪೇಂಟರನ್ನು ಮೊದಲೇ ಕೇಳಬೇಕು. ಬಿರಿದು ಮುರಿಯುವ ಹಂತಕ್ಕೆ ಬಂದಿದ್ದರೆ ಬದಲಾಯಿಸುವುದೇ ಲೇಸು. ಕಾಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆಯಲ್ಲಿ ವಿಚಾರಿಸಿದರೆ ಸಣ್ಣ ಪಟ್ಟಿ, ಬೀಡಿಂಗುಗಳು ದೊರೆಯಬಹುದು.

ವಿಮೆಯ ಕಂಪನಿ ಕೊಟ್ಟೀತು ಎಂದು ನೆಚ್ಚಿಕೊಳ್ಳುವವರಿಗೆ ಲೆಕ್ಕದ ಒಂದು ಮಾತು. ಬಿಸಿಲಿಗೆ ಮಾಸುವುದು ಸಹಜ ಸವಕಳಿ. ವಿಮೆಯ ಪಾಲಿಸಿ ಅದನ್ನು ಹೊರಗಿಡುತ್ತದೆ. ಅಪಘಾತದಲ್ಲಿ ಬಂಪರು ಮುರಿದಾಗಲೂ, ಸವಕಳಿಯನ್ನು ಕಳೆಯದೆ ಕೊಡುವ ವಿಶೇಷ ಕರಾರನ್ನು ಪ್ರತ್ಯೇಕ ಹಣ ತೆತ್ತು ಪಡೆದಿರದಿದ್ದರೆ, ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳ ಬೆಲೆಯಲ್ಲಿ ನೂರಕ್ಕೆ ಐವತ್ತನ್ನು ಕಳೆದೇ ಕೊಡುವುದು ಭಾರತದ ಮೋಟಾರು ವಿಮೆಯ ರೂಢಿ. ಕಾರು ಹೊಸದೇ ಹಳೆಯದೇ ಎ೦ಬ ಭೇದ ಇದಕ್ಕಿಲ್ಲ. ಬಂಪರಿನ ವಿಷಯದಲ್ಲಿ ಮಾಲೀಕನೇ ಅರ್ಧ ವಿಮೆದಾರನೆಂದು ತಿಳಿಯಬೇಕು. ಹಾಗೆಂದು ಎರಡೇ ವರ್ಷ ಆಯುಸ್ಸು ಉಳಿದ ಕಾರಿಗೆ ಸಾವಿರಾರು ರೂಪಾಯಿಯ ಲೇಪನ ಮಾಡಿಸುವುದೂ ವಿವೇಕವಲ್ಲ. ಅದಕ್ಕೆ ಷಾಂಪೂ, ಬ್ರಷ್ಷು, ನೀರು ಬೆರೆತ ಪಾಲಿಶು ಧಾರಾಳವಾಯಿತು. ಲೇಪನ ನಿಜವಾಗಿ ಸಲ್ಲುವುದು ಹೊಸ ಕಾರಿಗೆ, ಬಿಳುಪು ಕಾಣುವುದಕ್ಕೆ ಮುಂಚೆ.

ಎಲ್ಲ ಲೇಪನಗಳಿಗಿಂತ ಅಗ್ಗವಾದುದು ನೆರಳು. ದೆಹಲಿಯಲ್ಲಿ ಜೂನ್ ತಿಂಗಳ ನಡುಹಗಲು ಸೂರ್ಯನು ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಮೂವತ್ತೆಂಟು ಡಿಗ್ರಿಯಷ್ಟೇ ಏರುತ್ತಾನೆ. ಆದುದರಿಂದ ವರ್ಷವಿಡೀ ಬಿಸಿಲುಣ್ಣುವುದು ಕಾರಿನ ದಕ್ಷಿಣಕ್ಕೂ ಪಶ್ಚಿಮಕ್ಕೂ ತಿರುಗಿದ ಮಗ್ಗುಲು. ಒಂದೇ ಕಾರಿನ ಒಂದು ಬದಿ ಕಪ್ಪಾಗಿಯೂ ಮತ್ತೊಂದು ಬೂದಿಯಾಗಿಯೂ ಇರುವುದಕ್ಕೆ ಕಾರಣವಿದು. ವಾರಕ್ಕೊಮ್ಮೆ ಕಾರಿನ ಮೋರೆಯನ್ನು ತಿರುಗಿಸಿ ನಿಲ್ಲಿಸಿದರೆ ಬಿಸಿಲು ಎರಡು ಕಡೆಗೂ ಹಂಚಿಹೋಗುತ್ತದೆ. ಅಪರಾಹ್ನ ಕಟ್ಟಡದ ನೆರಳು ಎಲ್ಲಿ ಬೀಳುವುದೆಂದು ಒಂದು ದಿನ ಗಮನಿಸಿ ಆ ಜಾಗವನ್ನು ಹಿಡಿಯಬೇಕು. ನೆರೆಯವರೂ ಈ ಲೇಖನವನ್ನು ಓದಿದ್ದರೆ ಸ್ವಲ್ಪ ಬೇಗ ಏಳಬೇಕಾದೀತು. ಬೆಂಗಳೂರಿನ ಬಿಸಿಲು ಸಾಧು, ಅಲ್ಲಿಗೆ ಕಳಿಸಿದರೆ ಕಾರು ಕಪ್ಪಾಗಿಯೇ ಉಳಿದೀತೆಂಬುದು ಭ್ರಮೆ. ಅಲ್ಲಿ ಶಾಖ ಕಡಮೆ, ನಿಜ. ಆದರೆ ಮೂರು ಸಾವಿರ ಅಡಿಯ ಎತ್ತರದಲ್ಲಿ, ಸಮಭಾಜಕಕ್ಕೆ ಇನ್ನಷ್ಟು ಹತ್ತಿರದಲ್ಲಿರುವ ಊರಿನಲ್ಲಿ ನೇರಳಾತೀತ ಕಿರಣಗಳಿಗೆ ಕೊರತೆಯಿಲ್ಲ.

ಕಾರಿಗೆ ಹೊದಿಕೆ ಹಾಕುವವರು ಧೂಳನ್ನು ಕೊಡವಿದ ಮೇಲೆಯೇ ಹಾಕಬೇಕು. ರಾಜಸ್ಥಾನದ ಕಡೆಯಿಂದ ಬೀಸುವ ಆಂಧಿಯ ಮರಳು ಹೊದಿಕೆಯ ಕೆಳಗೆ ಸಿಕ್ಕರೆ, ಗಾಳಿ ಬೀಸಿದಂತೆಲ್ಲ ಹೊದಿಕೆಯೇ ಉಪ್ಪುಕಾಗದವಾಗುತ್ತದೆ. ದಿನವೂ ಒರಸುವ ಹುಡುಗನ ಬಟ್ಟೆಯಲ್ಲಿಯೂ ಅದೇ ಮರಳು ಇರುತ್ತದೆ. ಅವನಿಗೆ ಎರಡು ಮೈಕ್ರೋಫೈಬರ್ ಬಟ್ಟೆಗಳನ್ನೂ ಒಂದು ಜೊತೆ ರಬ್ಬರ್ ಕೈಗವಸನ್ನೂ ಕೊಡಿಸಿದರೆ ಕಾರಿಗೂ ಅವನ ಕೈಗಳಿಗೂ ಹಿತ.

ಉಳಿದ ಅರ್ಧ ಸೀಸೆಯ ವಿಚಾರ ಹೇಳದಿದ್ದರೆ ವಿಷಯ ಮುಗಿಯದು. ಡೀಸೆಲ್ಲು, ಥಿನ್ನರು, ದ್ರಾವಕವಿರುವ ಪಾಲಿಶು, ಇವನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು ಅಡುಗೆಮನೆಯ ಬದಿಯ ಬಾಲ್ಕನಿಯಲ್ಲಿಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಆಟವಾಡಿ ಬಾಯಾರಿ ಬಂದ ಮಗುವಿಗೆ ಬಾಟಲಿಯ ಆಕಾರವಷ್ಟೇ ಗೊತ್ತು. ಇವು ನುಂಗಿದಾಗ ಹೊಟ್ಟೆಗಿಂತ ಹೆಚ್ಚಾಗಿ ಶ್ವಾಸಕೋಶಕ್ಕೆ ಅಪಾಯಕಾರಿ. ಒಂದು ಗುಟುಕು ಶ್ವಾಸನಾಳಕ್ಕೆ ಜಾರಿದರೂ ನ್ಯುಮೋನಿಯಾದಂತಹ ಉರಿಯೂತ ಉಂಟಾಗುತ್ತದೆ. ಹೀಗಾದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಎಂದೂ ಯತ್ನಿಸಬಾರದು. ವಾಂತಿಯಲ್ಲಿ ಅದು ಮತ್ತೊಮ್ಮೆ ಶ್ವಾಸನಾಳಕ್ಕೆ ಇಳಿಯುತ್ತದೆ. ಮಗು ಚೆನ್ನಾಗಿಯೇ ಕಂಡರೂ, ಬಾಟಲಿಯನ್ನೋ ಡಬ್ಬಿಯ ಚೀಟಿಯನ್ನೋ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ಅದರ ದೂರವಾಣಿ ಸಂಖ್ಯೆಯನ್ನು ತಿಳಿದುಕೊಂಡು ಮನೆಯ ಫೋನುಗಳಲ್ಲಿ ಮೊದಲೇ ಬರೆದಿಟ್ಟುಕೊಳ್ಳಬಹುದು. ಸೀಸೆಗಳು ತಮ್ಮ ಮೂಲದ ಡಬ್ಬಿಯಲ್ಲಿಯೇ, ಬಿಗಿಯಾದ ಮುಚ್ಚಳದೊಡನೆ, ಬೀಗ ಹಾಕಿದ ಮೇಲಿನ ಕಪಾಟಿನಲ್ಲಿರಲಿ. ಕಾರಿನ ಡಿಕ್ಕಿಯಲ್ಲಿ ಬಿಡುವುದೂ ಸಲ್ಲದು. ಜೂನಿನ ಬಿಸಿಲಿನಲ್ಲಿ ಸ್ಪ್ರೇ ಡಬ್ಬಿ ಅಲ್ಲಿಯೇ ಸಿಡಿದೀತು.